ಆರನೇ ಹೋಲಿನ ಚಿಲ್ಲರೆ ಕಾಸು

ಗಾಲ್ಫ್ ಆಡಲು ನನಗೆ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಗಾಲ್ಫ್ ಮೈದಾನದಲ್ಲಿ ಕೆಲಸ ಎಂದ ಕೂಡಲೇ ಜನ ಒಂದು ಸಲ ನನ್ನ ಮುಖ, ಒಂದು ಸಲ ನನ್ನ ಚಪ್ಪಲಿ ನೋಡುತ್ತಾರೆ. ನನ್ನದು ಹುಲ್ಲಿನ ಕೆಲಸ. ವೈಟ್‌ಫೀಲ್ಡ್ ದಾಟಿ ಇನ್ನೂ ಮುಂದೆ, ಅಪಾರ್ಟ್‌ಮೆಂಟುಗಳು ಸ್ವಲ್ಪ ಉಸಿರು ಬಿಡುವ ಕಡೆ ಒಂದು ರೆಸಾರ್ಟು ಇದೆ. ಅದರ ಹುಲ್ಲು ಬೆಳೆಸುವುದು, ಕತ್ತರಿಸುವುದು, ಅದಕ್ಕೆ ರೋಗ ಬಂದರೆ ಔಷಧಿ ಹೊಡೆಸುವುದು, ಸತ್ತರೆ ಬೈಸಿಕೊಳ್ಳುವುದು, ಇಷ್ಟೇ ನನ್ನ ಪಾಡು. ಕೊರಳಿನ ಕಾರ್ಡಿನ ಮೇಲೆ ಸೂಪರಿಂಟೆಂಡೆಂಟ್ ಎಂದು ಬರೆದಿದೆ. ನಮ್ಮ ಚಿಕ್ಕಪ್ಪ ಮಾತ್ರ ಕೊನೆಯವರೆಗೂ 'ಹುಲ್ಲು ಕಾಯೋನು' ಎಂದೇ ಹೇಳುತ್ತಿದ್ದ.

ಕೃಷಿ ಪದವಿ ಓದಿದವನು ನಾನು. ಓದಿದ ಕಾಲದಲ್ಲಿ ಹುಲ್ಲು ಎಂದರೆ ಕೀಳಬೇಕಾದದ್ದು ಎಂದು ಕಲಿಸಿದ್ದರು. ಈಗ ನೋಡಿದರೆ ಅದನ್ನೇ ಮಗುವಿನ ಹಾಗೆ ಸಾಕುತ್ತಿದ್ದೇನೆ, ಅದೂ ಸದಾ ಕಾಯಿಲೆ ಬೀಳುವ ಮಗು. ಅತಿಥಿಗಳು ಏಳುವ ಮೊದಲು ಮೈದಾನ ಸಿದ್ಧವಾಗಿರಬೇಕಾದ್ದರಿಂದ ನಸುಕಿಗೇ ನಾನು ಅಲ್ಲಿರುತ್ತೇನೆ. ಇಬ್ಬನಿಯಲ್ಲಿ ನೆನೆದ ಬೂಟು ಸಂಜೆಯವರೆಗೂ ಒಣಗುವುದಿಲ್ಲ. ಸಾಕಾಗಿದೆ ಎಂದು ಹೆಂಡತಿಯ ಹತ್ತಿರ ಪ್ರತಿ ಯುಗಾದಿಗೂ ಹೇಳುತ್ತೇನೆ. ಅವಳು ಒಬ್ಬಟ್ಟಿಗೆ ತುಪ್ಪ ಹಾಕುತ್ತಾ ಹೂಂ ಅನ್ನುತ್ತಾಳೆ.

ನಮ್ಮ ಹುಲ್ಲು ಕುಡಿಯುವುದು ಮಳೆ ನೀರನ್ನಲ್ಲ, ಬೋರಿನ ನೀರನ್ನೂ ಅಲ್ಲ. ಸುತ್ತಮುತ್ತಲ ಅಪಾರ್ಟ್‌ಮೆಂಟುಗಳಲ್ಲಿ ಜನ ಸ್ನಾನ ಮಾಡಿ, ಬಟ್ಟೆ ಒಗೆದು, ಪಾತ್ರೆ ತೊಳೆದು ಬಿಟ್ಟ ನೀರನ್ನು ಅವರದೇ ಘಟಕದಲ್ಲಿ ಶುದ್ಧ ಮಾಡಿ ನಮಗೆ ಕಳಿಸುತ್ತಾರೆ. ಶುದ್ಧ ಎನ್ನುವುದು ಅವರ ಮಾತು. ಭಾನುವಾರ ಎಲ್ಲರ ಮನೆಯಲ್ಲೂ ವಾಷಿಂಗ್ ಮಷಿನ್ ತಿರುಗುತ್ತದೆ, ಸೋಮವಾರ ನಮ್ಮ ಕೊಳದಲ್ಲಿ ನೊರೆ ತೇಲುತ್ತದೆ. ಆ ನೀರಿನ ಉಪ್ಪು ಮಣ್ಣಿನಲ್ಲಿ ಕೂತು ಬೇಸಿಗೆಯಲ್ಲಿ ಹುಲ್ಲನ್ನು ಸುಡುತ್ತದೆ. ಮಳೆಗಾಲದಲ್ಲಿ ಉಪ್ಪು ಇಳಿದುಹೋಯಿತು ಎಂದು ಸಮಾಧಾನ ಪಡುವಷ್ಟರಲ್ಲಿ ಬೂಷ್ಟು ಶುರು. ಕಾಸಿನಷ್ಟಗಲದ ಬಿಳಿಚಿದ ಮಚ್ಚೆಗಳು ಬೆಳಗಾಗುವುದರೊಳಗೆ ಎದ್ದಿರುತ್ತವೆ. ಅದಕ್ಕೆ ಔಷಧಿ ಹೊಡೆದರೆ ಸ್ಪಾದಲ್ಲಿ ಮಲಗಿದವರಿಗೆ ವಾಸನೆ, ಹೊಡೆಯದಿದ್ದರೆ ಮೈದಾನಕ್ಕೆ ತೊನ್ನು. ಎರಡರಲ್ಲಿ ಯಾವುದಾದರೂ ಬೈಗುಳ ನನಗೇ.

ಗಾಲ್ಫ್ ಗೊತ್ತಿಲ್ಲದವರಿಗೆ ಎರಡು ಮಾತು ಹೇಳುತ್ತೇನೆ. ಮೊದಲ ಹೊಡೆತ ಹೊಡೆಯಲು ಒಂದು ಎತ್ತರದ ಕಟ್ಟೆ ಇರುತ್ತದೆ, ಅದು ಟೀ. ಕೊನೆಯಲ್ಲಿ ಕುಳಿ ಇರುವ ನುಣುಪಾದ ಅಂಗಳ ಗ್ರೀನ್. ನಡುವೆ ಕತ್ತರಿಸಿದ ಹುಲ್ಲಿನ ಅಗಲ ಪಟ್ಟಿ ಫೇರ್‌ವೇ. ಇಷ್ಟೂ ಸೇರಿ ಒಂದು ಹೋಲ್. ಚೆಂಡನ್ನು ಇಲ್ಲಿಂದ ಹೊಡೆದು ಅಲ್ಲಿ ಕುಳಿಗೆ ಬೀಳಿಸುವುದು ಆಟ. ಅದು ಸುಲಭವಾದರೆ ಜನ ಬರುವುದಿಲ್ಲವಂತೆ. ಅದಕ್ಕೆ ಮೈದಾನದ ನಕ್ಷೆ ಬರೆಯುವ ವಿನ್ಯಾಸಕಾರ ಬೇಕಂತಲೇ ನಡುನಡುವೆ ಮರಳಿನ ಗುಂಡಿ ತೋಡಿಸುತ್ತಾನೆ, ನೀರು ನಿಲ್ಲಿಸುತ್ತಾನೆ, ಸಮ ಇರುವ ನೆಲವನ್ನು ಓರೆ ಮಾಡುತ್ತಾನೆ. ಕಷ್ಟವೂ ಇರಬೇಕು, ನೋಡಲು ಚೆಂದವೂ ಇರಬೇಕು, ಅದೇ ಆ ವಿದ್ಯೆ.

ಚಿಕ್ಕಪ್ಪನಿಗೆ ಇದನ್ನು ವಿವರಿಸಿದ ದಿನ ಚೆನ್ನಾಗಿ ನೆನಪಿದೆ. ಒಂದು ಸೋಮವಾರ ಆಟ ಇರಲಿಲ್ಲ. ಬ್ಯಾಟರಿ ಗಾಡಿಯಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆಸಿದೆ. ಶುಭ್ರ ಪಂಚೆ, ಕೈಯಲ್ಲಿ ಊರುಗೋಲು, ಜೇಬಿನಲ್ಲಿ ಎರಡು ಮೊಬೈಲು. ಮರಳು ಗುಂಡಿಯ ಹತ್ತಿರ ಗಾಡಿ ನಿಲ್ಲಿಸು ಎಂದ.

"ಇದ್ಯಾಕ್ಲಾ ಇಲ್ಲಿ ಮಳ್ಳು ಸುರ್ದವ್ರೆ?"

"ಕಷ್ಟ ಆಗ್ಲಿ ಅಂತ ಚಿಕ್ಕಪ್ಪ. ಚೆಂಡು ಬಿದ್ರೆ ಸುಲಭಕ್ಕೆ ಈಚೆ ಬರಬಾರ್ದು."

ಅವನು ತುಂಬಾ ಹೊತ್ತು ಆ ಗುಂಡಿಯನ್ನೇ ನೋಡಿದ. "ನಮಗೆ ಕಷ್ಟ ತಾನಾಗೇ ಬರ್ತಿತ್ತು ಕಣ್ಲಾ. ಇವ್ರು ಕಾಸು ಕೊಟ್ಟು ಮಾಡಿಸ್ಕೊಂಡವ್ರೆ" ಎಂದು ನಗಲು ಹೋಗಿ ಕೆಮ್ಮಿದ.

ಆ ಗುಂಡಿ ಇದ್ದದ್ದು ಅವನದೇ ಹೊಲದಲ್ಲಿ. ಈಗಿನ ಆರನೇ ಹೋಲ್ ಪೂರ್ತಿ, ಏಳನೆಯದರಲ್ಲಿ ಅರ್ಧ ಚಿಕ್ಕಪ್ಪನ ರಾಗಿ ಹೊಲವಾಗಿತ್ತು. ನಮ್ಮಪ್ಪನ ಪಾಲು ಅದಕ್ಕೂ ಎಷ್ಟೋ ಮೊದಲೇ ಕೈಬಿಟ್ಟಿತ್ತು, ಅದರ ಮೇಲೀಗ ಯಾವುದೋ ಕಂಪನಿಯ ಗಾಜಿನ ಕಟ್ಟಡ ನಿಂತಿದೆ. ಚಿಕ್ಕಪ್ಪ ಹೊಲ ಮಾರಿ ಊರೊಳಗೆ ಮಹಡಿ ಮೇಲೆ ಮಹಡಿ ಎಬ್ಬಿಸಿ ಪಿಜಿ ಮಾಡಿದ. ಮೇಲೆಲ್ಲ ಟೆಕ್ಕಿ ಹುಡುಗರು, ನೆಲಮಹಡಿಯಲ್ಲಿ ಅವನು. ಬಾಡಿಗೆ ಬರುತ್ತಿತ್ತು, ಊಟಕ್ಕೆ ಬಟ್ಟೆಗೆ ಏನೂ ಕೊರತೆ ಇರಲಿಲ್ಲ. ಅವನನ್ನು ನೋಡಿ ಅಯ್ಯೋ ಅನ್ನುವ ಹಾಗೇನೂ ಇರಲಿಲ್ಲ. ಹೊಲ ಮಾರುವಾಗ ಅವನು ಹಾಕಿದ್ದು ಒಂದೇ ಷರತ್ತು: ಊರಿನಿಂದ ಸ್ಮಶಾನಕ್ಕೆ ಹೋಗುವ ದಾರಿಗೆ ಅಡ್ಡ ಬರಬಾರದು.

ಆ ದಾರಿ ಅವನ ಹೊಲದ ನಡುವೆಯೇ ಹಾದುಹೋಗುತ್ತಿತ್ತು. ಸ್ಮಶಾನ ಆಚೆ ಬದಿಯ ದಿಬ್ಬದ ಮೇಲೆ. ತಾತ ಹೋದದ್ದು ಆ ದಾರಿಯಲ್ಲೇ, ನಮ್ಮಪ್ಪ ಹೋದದ್ದೂ ಆ ದಾರಿಯಲ್ಲೇ. ಅರ್ಧ ದಾರಿಗೆ ಒಂದು ಹೊಂಗೆ ಮರ, ಅದರ ಬುಡದಲ್ಲಿ ಚಪ್ಪಟೆ ಕಲ್ಲು. ಅಲ್ಲಿ ಚಟ್ಟ ಇಳಿಸಿ, ಹೊತ್ತವರು ಭುಜ ಬದಲಾಯಿಸಿ, ದಿಕ್ಕು ತಿರುಗಿಸಿ ಮತ್ತೆ ಎತ್ತಬೇಕು. ಹಾಗೆ ತಿರುಗಿಸಿದರೆ ಹೋದವರಿಗೆ ಮನೆಯ ದಾರಿ ಮರೆಯುತ್ತದೆ ಎಂದು ನಂಬಿಕೆ. ರೆಸಾರ್ಟಿನ ಮೊದಲ ಯಜಮಾನರು ಚಿಕ್ಕಪ್ಪನ ಕೈ ಹಿಡಿದು ಆಗಲಿ ಎಂದರು. ಬರವಣಿಗೆಯಲ್ಲಿ ಏನೂ ಇರಲಿಲ್ಲ. ಆದರೂ ಮಾತು ನಡೆಯಿತು. ಫೇರ್‌ವೇಯ ನಟ್ಟನಡುವೆ ಹುಲ್ಲಿನ ಮೇಲೆಯೇ ಊರಿನ ಹೆಣಗಳು ಹಾದುಹೋಗುತ್ತಿದ್ದವು. ತಮಟೆ ಸದ್ದು ಕೇಳಿದ ಕೂಡಲೇ ನಮ್ಮ ಕಾವಲುಗಾರ ಕೆಂಪು ಬಾವುಟ ಎತ್ತುತ್ತಿದ್ದ, ಆಡುವವರು ಕೋಲು ನೆಲಕ್ಕೂರಿ ನಿಲ್ಲುತ್ತಿದ್ದರು. ಕೆಲವರು ಟೋಪಿ ತೆಗೆಯುತ್ತಿದ್ದರು. ಕೆಲವರು ಫೋಟೋ ತೆಗೆಯುತ್ತಿದ್ದರು.

ನನಗೆ ತಲೆನೋವು ಶುರುವಾಗುತ್ತಿದ್ದದ್ದು ಆಮೇಲೆ. ನಮ್ಮ ಕಡೆ ಹೆಣದ ಮುಂದೆ ಪುರಿ, ಹೂವು, ಚಿಲ್ಲರೆ ಕಾಸು ಎರಚುತ್ತಾ ಹೋಗುತ್ತಾರೆ. ಪುರಿಯನ್ನು ಹಕ್ಕಿ ತಿನ್ನುತ್ತದೆ. ಚೆಂಡುಹೂವಿನ ಬೀಜ ಹುಲ್ಲಿನ ಸಂದಿಯಲ್ಲಿ ಕೂತು ಮಳೆ ಬಿದ್ದ ಮೇಲೆ ಸಾಲಾಗಿ ಮೊಳೆಯುತ್ತದೆ. ದಾರಿ ಎಲ್ಲಿತ್ತೆಂದು ಯಾರೂ ತೋರಿಸಬೇಕಾಗಿರಲಿಲ್ಲ, ಆ ಸಸಿಗಳೇ ಗೆರೆ ಎಳೆದಿರುತ್ತಿದ್ದವು. ಕಾಸು ಮಾತ್ರ ಹುಲ್ಲಿನೊಳಗೆ ಇಳಿದು ಮಷಿನ್‌ಗೆ ಕಾಯುತ್ತದೆ. ನಮ್ಮ ಕಟಾವು ಯಂತ್ರದ ಅಲಗುಗಳ ನಡುವೆ ಒಂದು ಹಾಳೆ ತೂರುವಷ್ಟು ಸಂದಿ. ಅದರೊಳಗೆ ಒಂದು ರೂಪಾಯಿ ಹೋದರೆ ಟಣ್ ಎಂದು ಸದ್ದು, ಅಲಗಿಗೆ ಹಲ್ಲು ಬೀಳುತ್ತದೆ. ಆಮೇಲೆ ಆ ಮಷಿನ್ ಹೋದಲ್ಲೆಲ್ಲ ಕತ್ತರಿಸದ ಒಂದು ಎಳೆ ಉಳಿದು ಮೈದಾನದ ತುಂಬ ಗೆರೆ, ಕ್ಷೌರದಲ್ಲಿ ಬಿಟ್ಟುಹೋದ ಕೂದಲಿನ ಹಾಗೆ.

ಕಾಸು ಎಸೆಯಬೇಡಿ ಎಂದು ಒಂದು ಸಲ ಊರಿನಲ್ಲಿ ಹೇಳಿಸಿದೆ. ಪಾಪ, ಜನ ಮಾತು ಕೇಳಿದರು. ನಾಣ್ಯ ಬಿಟ್ಟು ನೋಟು ಎಸೆದರು. ಅವು ಗಾಳಿಗೆ ಹಾರಿ ಈಜುಕೊಳದಲ್ಲಿ ಬಿದ್ದು ಇನ್ನೊಂದು ರಾಮಾಯಣವಾಯಿತು. ನಾಣ್ಯವೇ ವಾಸಿ ಎಂದು ನಾನೇ ಹೋಗಿ ಹೇಳಿಬಂದೆ.

ಹೆಣ ಹೋದ ಮರುದಿನ ನಸುಕಿನಲ್ಲಿ, ಮಷಿನ್ ಹೊರಡುವ ಮೊದಲು, ಆ ಕಾಸನ್ನೆಲ್ಲ ಆರಿಸಬೇಕಿತ್ತು. ಕಳೆ ಕೀಳಲು ಮಾಲೂರು ಕಡೆಯಿಂದ ಟೆಂಪೋದಲ್ಲಿ ಬರುವ ಹೆಂಗಸರ ಗುಂಪೊಂದಿದೆ. ಸಾಲಾಗಿ ಕುಕ್ಕರಗಾಲಲ್ಲಿ ಕೂತು, ಮಾತಾಡುತ್ತಾ, ಇಡೀ ಮೈದಾನವನ್ನು ಬೆರಳಲ್ಲೇ ಜಾಲಿಸುತ್ತಾರೆ. ಕಾಸು ಆರಿಸಿಕೊಡಿ ಎಂದು ಮೊದಲ ಸಲ ಕೇಳಿದಾಗ ಎಲ್ಲರೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಅವರಲ್ಲಿ ಹಿರಿಯಳು, ಬಾಯಿ ತುಂಬ ಎಲೆಯಡಿಕೆ, ನಾವೆಲ್ಲ ಅಕ್ಕ ಎಂದೇ ಕರೆಯುವವಳು, ಎದ್ದು ನಿಂತು ಹೇಳಿದಳು: "ಎಣದ ಮೇಲಿನ ಕಾಸು ಮುಟ್ಟಿದ್ರೆ ಅದು ಮನೆತಂಕ ಬತ್ತದೆ ಸಾರ್. ಕೆಲ್ಸದಿಂದ ಬೇಕಾರೆ ತೆಗುದಾಕಿ. ನಾವ್ ಮಾತ್ರ ಮುಟ್ಟಾಕಿಲ್ಲ."

ಡ್ರೈವರುಗಳೂ ಮುಟ್ಟಲಿಲ್ಲ. ಗುತ್ತಿಗೆಯ ಹುಡುಗರು, ಒಡಿಶಾದಿಂದ ಬಂದವರು, ಅವರಿಗೆ ಈ ನಂಬಿಕೆ ಗೊತ್ತಿರಲಿಲ್ಲ; ಆದರೆ ಹೆಂಗಸರು ಒಂದೇ ಮಧ್ಯಾಹ್ನದಲ್ಲಿ ಗೊತ್ತು ಮಾಡಿಸಿಬಿಟ್ಟರು. ಉಳಿದವನು ನಾನು. ಓದಿದವನಲ್ಲವೇ, ನನಗೇನು ಭಯ? ಭಯ ಇತ್ತು, ಸುಳ್ಳು ಯಾಕೆ. ಆದರೆ ಅಲಗಿನ ಭಯ ಅದಕ್ಕಿಂತ ದೊಡ್ಡದಿತ್ತು. ಅಂದಿನಿಂದ ಊರಲ್ಲಿ ಯಾರು ಸತ್ತರೂ ಮರುದಿನ ಇಬ್ಬನಿಯಲ್ಲಿ ಬಗ್ಗಿ ಬಗ್ಗಿ ಕಾಸು ಹೆಕ್ಕುವವನು ನಾನೇ. ಪಂಪ್‌ಹೌಸಿನ ಗೂಡಿನಲ್ಲಿ ಒಂದು ಉಪ್ಪಿನಕಾಯಿ ಜಾಡಿ ಇಟ್ಟಿದ್ದೆ, ಅದರೊಳಗೆ ಹಾಕುತ್ತಿದ್ದೆ. ತುಂಬಿದರೆ ದೇವಸ್ಥಾನದ ಹುಂಡಿಗೆ ಸುರಿದು ಬರುತ್ತಿದ್ದೆ. ಎಲ್ಲಿಯ ಕಾಸೆಂದು ಪೂಜಾರಿಗೆ ಹೇಳುವ ಗೋಜಿಗೆ ಹೋಗಲಿಲ್ಲ. ಹೀಗೆ ನನ್ನ ಸೊಂಟನೋವಿಗೆ ಅರ್ಧ ಕಾರಣ ಗಾಲ್ಫ್, ಇನ್ನರ್ಧ ಊರಿನ ಸಾವು.

ಆಮೇಲೆ ರೆಸಾರ್ಟಿಗೆ ಹೊಸ ಮ್ಯಾನೇಜರ್ ಬಂದರು. ಕೆಟ್ಟ ಮನುಷ್ಯರಲ್ಲ. ನಗುನಗುತ್ತಾ ಕೆಲಸ ಹೇಳುವವರು, ಅದೇ ಹೆಚ್ಚು ಸುಸ್ತು. ಯಾರೋ ಅತಿಥಿ ಮದುವೆಯ ಫೋಟೋ ತೆಗೆಸುವಾಗ ಹಿಂದೆ ಹೆಣ ಹಾದುಹೋಗಿದೆ. ವಧುವಿನ ತಾಯಿ ಅತ್ತು ರಂಪ ಮಾಡಿ, ಅದು ಇಂಟರ್‌ನೆಟ್ಟಿಗೂ ಏರಿತು. ಮ್ಯಾನೇಜರ್ ನನ್ನನ್ನು ಕರೆದರು.

"ಆರನೇ ಹೋಲ್ ರೀಡಿಸೈನ್ ಮಾಡಿಸ್ತಿದೀವಿ ಸಾರ್. ಹೇಗೂ ನಮ್ಮ ಮೈದಾನ ಸುಲಭ ಆಯ್ತು ಅಂತ ಕಂಪ್ಲೇಂಟ್ ಇದೆ, ಸ್ವಲ್ಪ ಟಫ್ ಮಾಡೋಣ. ಜೊತೆಗೆ ಸುತ್ತ ಫೆನ್ಸ್ ಹಾಕಿ ಆ ದಾರಿ ಕ್ಲೋಸ್ ಮಾಡ್ಬಿಡೋಣ. ಊರೋರಿಗೆ ನಾವೇ ಒಂದು ವ್ಯಾನ್ ಕೊಡೋಣ. ಎಸಿ ವ್ಯಾನ್. ರೋಡಲ್ಲೇ ಹೋಗ್ಲಿ."

ರಸ್ತೆಯಲ್ಲಿ ಹೋದರೆ ಎರಡು ಸಿಗ್ನಲ್, ಒಂದು ಯೂ ಟರ್ನ್, ಮೆಟ್ರೋ ಕಂಬಗಳ ನಡುವೆ ಉಸಿರುಗಟ್ಟುವ ಟ್ರಾಫಿಕ್. ಬದುಕಿರುವವರೇ ಅಲ್ಲಿ ಅರ್ಧ ಸತ್ತಿರುತ್ತೇವೆ. ಅದನ್ನೇ ಹೇಳಿದೆ. ಅವರು ನಕ್ಕರು. "ಒಂದ್ಸಲ ಹೋಗೋರು ಲೇಟಾದ್ರೆ ಏನು ಸಾರ್?"

ನನಗೆ ಸಿಟ್ಟು ಬಂತು. ಊರಿಗಾಗಿ ಬಂದ ಸಿಟ್ಟಲ್ಲ. ಆ ಹೊತ್ತಿಗೆ ಚಿಕ್ಕಪ್ಪ ಹಾಸಿಗೆ ಹಿಡಿದಿದ್ದ. ಶ್ವಾಸಕೋಶ ಸೋತುಹೋಗಿದೆ, ಹೆಚ್ಚು ಕಾಲ ಇಲ್ಲ ಎಂದು ಡಾಕ್ಟರು ಅವನ ಮಗನಿಗೂ ನನಗೂ ಹೇಳಿದ್ದರು. ಅವನಿಗೆ ಯಾರೂ ಹೇಳಿರಲಿಲ್ಲ, ಅವನಿಗೇ ಗೊತ್ತಿತ್ತು. ನಾನು ನೋಡಲು ಹೋದಾಗಲೆಲ್ಲ ಆಕ್ಸಿಜನ್ ಕೊಳವೆಯನ್ನು ಮೂಗಿನಿಂದ ಪಕ್ಕಕ್ಕೆ ಸರಿಸಿ ಕೇಳುತ್ತಿದ್ದದ್ದು ಒಂದೇ ಮಾತು.

"ದಾರಿ ಐತೇನ್ಲಾ?"

"ಐತೆ ಚಿಕ್ಕಪ್ಪ."

"ಬೇಲಿ ಆಕ್ತಾರಂತಲ್ಲ. ಮೇಲಿನ್ ಮನೆ ಹುಡುಗ ಅಂದ."

"ಯಾರೂ ಹಾಕಲ್ಲ. ನಾನಿದೀನಲ್ಲ."

ನಾನಿದ್ದು ಏನು ಮಾಡುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ. ಅಪ್ಪ ಹೋದ ಮೇಲೆ ನನ್ನ ಓದು, ಮದುವೆ ಎರಡನ್ನೂ ನಿಭಾಯಿಸಿದವನು ಅವನು. ಒಂದು ದಿನವೂ ಅದನ್ನು ಎತ್ತಿ ಆಡಿದವನಲ್ಲ. ಜೀವಮಾನದಲ್ಲಿ ನನ್ನಿಂದ ಏನನ್ನೂ ಕೇಳದ ಮನುಷ್ಯ ಈಗ ಕೇಳುತ್ತಿರುವುದು ಇದೊಂದೇ. ತನ್ನ ಹೊಲದ ಮೇಲೆ, ಭುಜಗಳ ಮೇಲೆ ಹೋಗಬೇಕು. ಅಷ್ಟೂ ಆಗದಿದ್ದರೆ ನಾನು ಅಲ್ಲಿ ಹುಲ್ಲು ಕಾದದ್ದಕ್ಕೆ ಏನು ಅರ್ಥ ಎಂದು ಅನಿಸುತ್ತಿತ್ತು.

ಮ್ಯಾನೇಜರ ಹತ್ತಿರ ಅಂಗಲಾಚಿದರೆ ಕೆಲಸ ಕೆಡುತ್ತದೆ ಎಂದು ಗೊತ್ತಿತ್ತು. ಅವರಿಗೆ ಅರ್ಥವಾಗುವ ಭಾಷೆ ಆಟದ್ದು, ಹಾಗಾಗಿ ಆಟದಲ್ಲೇ ದಾರಿ ಹುಡುಕಬೇಕಾಯಿತು. ಆರನೇ ಹೋಲಿನ ಉದ್ದಕ್ಕೂ ದಿನಾ ಸಂಜೆ ನಡೆದೆ. ಟೀ ಕಟ್ಟೆಯಿಂದ ಗ್ರೀನ್‌ವರೆಗೆ, ಗ್ರೀನ್‌ನಿಂದ ಟೀವರೆಗೆ. ಸೆಖೆ, ಸೊಳ್ಳೆ, ಕೊಳದ ಸೋಪಿನ ವಾಸನೆ. ನಡೆಯುತ್ತಾ ನಡೆಯುತ್ತಾ ತೀರಾ ಸರಳವಾದ ಒಂದು ಸಂಗತಿ ಹೊಳೆಯಿತು. ಟೀಯ ಮುಂದೆ ಸ್ವಲ್ಪ ದೂರದವರೆಗೆ ಯಾರ ಚೆಂಡೂ ಬೀಳುವುದಿಲ್ಲ. ಅದು ಬರೀ ಚೆಂಡು ಮೇಲಿಂದ ಹಾರಿಹೋಗುವ ಜಾಗ. ಆಟಗಾರನ ಮಟ್ಟಿಗೆ ಆ ನೆಲ ಇದ್ದೂ ಇಲ್ಲದ ಹಾಗೆ. ಈಗಿನ ಕಟ್ಟೆಯನ್ನು ಕಿತ್ತು ಮುಂದಕ್ಕೆ, ಹೊಂಗೆ ಮರದ ಸ್ವಲ್ಪ ಹಿಂದಿನವರೆಗೆ ತಂದರೆ ಊರಿನ ದಾರಿ ಸರಿಯಾಗಿ ಆ ಜಾಗಕ್ಕೆ ಬೀಳುತ್ತದೆ. ಹೋಲ್ ಗಿಡ್ಡವಾಗುತ್ತದೆ, ನಿಜ. ಅದಕ್ಕೆ ಗ್ರೀನ್ ಅನ್ನು ಕೊಳದ ಆಚೆ ದಡಕ್ಕೆ ತಳ್ಳಿದರಾಯಿತು. ಉದ್ದಕ್ಕೆ ಉದ್ದವೂ ಆಯಿತು. ಕೊನೆಯ ಹೊಡೆತ ನೀರು ದಾಟಬೇಕಾಗುವುದರಿಂದ ಅವರು ಬೇಡಿದ ಕಷ್ಟವೂ ಬಂತು.

ವಿನ್ಯಾಸಕಾರ ವಿದೇಶದವನು. ಕಂಪ್ಯೂಟರ್ ಪರದೆಯ ಮೇಲೆ ಮಾತ್ರ ನೋಡಿದ ಮುಖ. ನನ್ನ ಹರಕು ಇಂಗ್ಲಿಷಿನಲ್ಲಿ ನೀರಿನ ವಿಷಯ ಹೇಳಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ಹೇಳಿದೆ, ಆ ಹೊಂಗೆಯ ನೆರಳಿನಲ್ಲಿ ಟೀ ಎಷ್ಟು ತಂಪಾಗಿರುತ್ತದೆಂದು ಹೇಳಿದೆ. ಟೀ ಮುಂದಿನ ನೆಲವನ್ನು ಹಾಗೇ ಕಾಡು ಹುಲ್ಲಿಗೆ ಬಿಡೋಣ ಎಂದೂ ಹೇಳಿದೆ. ಹೆಣದ ವಿಷಯ ಹೇಳಲಿಲ್ಲ. ಅವನಿಗೆ ಕೊಳದಾಚೆಯ ಗ್ರೀನ್ ಬಹಳ ಹಿಡಿಸಿತು. ಅದು ತನಗೇ ಹೊಳೆದದ್ದು ಎನ್ನುವ ಹಾಗೆ ಮ್ಯಾನೇಜರಿಗೆ ವಿವರಿಸಿದ. ವಿವರಿಸಲಿ ಬಿಡು, ನನ್ನ ಗಂಟೇನು ಹೋಗುತ್ತಿತ್ತು.

ಮ್ಯಾನೇಜರ್ ದಡ್ಡರಲ್ಲ. ನಕ್ಷೆಯನ್ನು ನೋಡಿ, ನನ್ನನ್ನು ನೋಡಿ, ಮತ್ತೆ ನಕ್ಷೆಯನ್ನು ನೋಡಿದರು. "ದಾರಿ ಉಳಿಸ್ಕೊಂಡ್ರಿ" ಎಂದರು. ಆಮೇಲೆ ಅವರದೂ ಎರಡು ಷರತ್ತು. ಕಾಡು ಹುಲ್ಲು ಬೇಡ, ಹಾವು ಎಂದು ಅತಿಥಿಗಳು ಹೆದರುತ್ತಾರೆ, ಅಲ್ಲೂ ನುಣ್ಣಗೆ ಕತ್ತರಿಸಬೇಕು. ಅಂದರೆ ನನ್ನ ಕಾಸು ಆರಿಸುವ ಕೆಲಸ ತಪ್ಪುವುದಿಲ್ಲ. ಎರಡನೆಯದು, ಮೈದಾನದೊಳಗೆ ತಮಟೆ ಬಾರಿಸಕೂಡದು. ಈಚೆ ಗೇಟಿಗೆ ನಿಲ್ಲಿಸಿ, ಆಚೆ ಗೇಟು ದಾಟಿದ ಮೇಲೆ ಬೇಕಾದರೆ ಬಾರಿಸಿಕೊಳ್ಳಲಿ. ಅರ್ಧ ಗೆದ್ದರೂ ಸಾಕೆನ್ನುವ ವಯಸ್ಸು ನನ್ನದು. ಆಗಲಿ ಎಂದೆ.

ಚಿಕ್ಕಪ್ಪನಿಗೆ ಹೇಳಲು ಅಂದೇ ಹೋದೆ. ದಾರಿ ಉಳಿಯಿತು ಎಂದು ಕೇಳಿ ಕಣ್ಣು ಮುಚ್ಚಿ ಹಾಗೇ ಮಲಗಿದ್ದ. ತಮಟೆಯ ವಿಷಯ ಹೇಳಿದ್ದೇ ತಡ ಕಣ್ಣು ಬಿಟ್ಟ.

"ಸದ್ದಿಲ್ದಂಗೆ ಓಗಾಕೆ ನಾನೇನ್ ಕಳ್ಳನೇನ್ಲಾ? ನನ್ನ ಒಲದಾಗೆ?"

"ಹೊಲ ಮಾರಿದ್ದೀಯ ಚಿಕ್ಕಪ್ಪ."

"ಮಾರ್ದೆ. ಮಾರ್ದೆ ಕಣಪ್ಪ. ಇಲ್ಲ ಅಂದೋರ್ಯಾರು." ಕೊಳವೆಯನ್ನು ಮತ್ತೆ ಮೂಗಿಗೆ ಸೇರಿಸಿಕೊಂಡು ಗೋಡೆಯ ಕಡೆ ತಿರುಗಿದ. ನಾನು ಎದ್ದು ಹೊರಡುವಾಗ ಬೆನ್ನು ತಿರುಗಿಸಿಕೊಂಡೇ ಕೇಳಿದ: "ಆ ಮಳ್ಳಿನ ಗುಂಡಿ?"

"ಅದು ಆಚೆಗಿರ್ತದೆ. ನಿನಗೆ ಅಡ್ಡ ಬರಲ್ಲ."

"ಅಂಗಾರೆ ಸರಿ."

ಹೊಸ ಟೀ ಕಟ್ಟೆಗೆ ಹುಲ್ಲು ಹಾಸಿ, ಅದು ಬೇರೂರಿ, ಆಟಕ್ಕೆ ಬಿಟ್ಟು ಕೆಲವೇ ವಾರಗಳಾಗಿದ್ದವು. ಒಂದು ಬೆಳಿಗ್ಗೆ ಚಿಕ್ಕಪ್ಪನ ಮಗ ಫೋನ್ ಮಾಡಿದ. ಬರೀ "ಅಣ್ಣ" ಅಂದ. ಗೊತ್ತಾಯಿತು.

ನಾನು ಹೋಗುವಷ್ಟರಲ್ಲಿ ಮನೆ ಮುಂದೆ ಶಾಮಿಯಾನ ಬಿದ್ದಿತ್ತು. ಪಿಜಿ ಹುಡುಗರು ಬೆನ್ನಿಗೆ ಬ್ಯಾಗು ಹಾಕಿಕೊಂಡೇ ಸಾಲಾಗಿ ಬಂದು ಕೈಮುಗಿದು ಆಫೀಸಿಗೆ ಹೋಗುತ್ತಿದ್ದರು. ತಮ್ಮ ನನ್ನನ್ನು ಪಕ್ಕಕ್ಕೆ ಕರೆದ. ಕಣ್ಣು ಕೆಂಪಗಿತ್ತು.

"ಅಣ್ಣ, ವ್ಯಾನಿಗೆ ಹೇಳ್ಲಾ? ಬಿಸಿಲು ಜಾಸ್ತಿ ಐತೆ. ಹೊರೋಕೆ ನಮ್ ಹುಡುಗ್ರು ಯಾರಿದಾರೆ ಹೇಳು. ಇವತ್ತು ನಿಮ್ಮ ರೆಸಾರ್ಟಲ್ಲಿ ಯಾವ್ದೋ ಕಂಪನಿ ಟೂರ್ನಮೆಂಟ್ ಬೇರೆ ಅಂತೆ. ಸುಮ್ನೆ ನಿನ್ ಕೆಲ್ಸಕ್ಕೆ ತೊಂದ್ರೆ."

ಅವನು ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದ. ನಾನು ಮಾತ್ರ ಜನರ ಮುಂದೆ ಕೂಗಿಬಿಟ್ಟೆ. "ಒಂದು ಹೋಲನ್ನೇ ಕಿತ್ತು ಬೇರೆ ಕಡೆ ಇಟ್ಟಿದೀನಿ ಕಣೋ! ವ್ಯಾನಂತೆ!" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಯಾರಿಗೂ ಹೇಳಿರಲಿಲ್ಲವಲ್ಲ. ಆದರೂ ನನ್ನ ಮುಖ ನೋಡಿ ಫೋನನ್ನು ಜೇಬಿಗೆ ಹಾಕಿಕೊಂಡ. ಹೊರಲು ಜನ ಹೇಗೋ ಒದಗಿದರು. ಪಿಜಿಯ ಅಡುಗೆಯವನೂ ಒಂದು ಭುಜ ಕೊಟ್ಟ.

ಗೇಟಿನ ಹತ್ತಿರ ತಮಟೆ ನಿಂತಿತು. ಒಳಗೆ ಬಂದ ಮೇಲೆ ಕೇಳುತ್ತಿದ್ದದ್ದು ಕಾಲಿನ ಸದ್ದು, ನಮ್ಮ ಏದುಸಿರು, ಮುಂದೆ ನಡೆಯುವವನು ಪುರಿ ಕಾಸು ಎರಚುವ ಸದ್ದು ಇಷ್ಟೇ. ಕಾವಲುಗಾರ ಬಾವುಟ ಎತ್ತಿದ. ಹೊಸ ಟೀ ಕಟ್ಟೆಯ ಮೇಲೆ ಕಂಪನಿಯವರು ಒಂದೇ ಬಣ್ಣದ ಟೀ ಶರ್ಟು ತೊಟ್ಟು ನಿಂತಿದ್ದರು, ಅವರ ಪಕ್ಕ ಮ್ಯಾನೇಜರ್. ಎಲ್ಲರ ಟೋಪಿಯೂ ಕೈಯಲ್ಲಿತ್ತು. ಚಟ್ಟದ ಬಿದಿರು ನನ್ನ ಭುಜವನ್ನು ಒತ್ತುತ್ತಿತ್ತು, ಚಿಕ್ಕಪ್ಪ ಎಷ್ಟು ಹಗುರಾಗಿಬಿಟ್ಟಿದ್ದಾನೆ ಎಂದು ಸಂಕಟವಾಗುತ್ತಿತ್ತು. ಅದರ ನಡುವೆಯೂ ಹಾಳು ಕಣ್ಣು ನೆಲದ ಮೇಲೆ. ಬಲಗಡೆ ಬೂಷ್ಟಿನ ಮಚ್ಚೆ ಎದ್ದಿದೆ, ನಾಳೆ ಔಷಧಿ ಹೊಡೆಸಬೇಕು ಎಂದು ಮನಸ್ಸು ಹೇಳಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಹೊಂಗೆ ಬುಡದ ಕಲ್ಲಿನ ಮೇಲೆ ಇಳಿಸಿದೆವು. ತಿರುಗಿಸಿ ಎತ್ತುವ ಹೊತ್ತಿಗೆ ತಮಟೆ ಬೀಳಬೇಕು, ಅದು ಪದ್ಧತಿ. ತಮಟೆಯವನು ಚರ್ಮದ ಮೇಲೆ ಅಂಗೈ ಇಟ್ಟುಕೊಂಡು ನನ್ನ ಮುಖ ನೋಡಿದ. ನಾನು ಮ್ಯಾನೇಜರ ಕಡೆ ನೋಡಲಿಲ್ಲ. ಬಾರಿಸು ಎಂದು ತಲೆಯಾಡಿಸಿದೆ. ಅವನು ಬಾರಿಸಿದ ಏಟಿಗೆ ಕೊಳದ ಕೊಕ್ಕರೆಗಳೆಲ್ಲ ಎದ್ದವು. ಚಿಕ್ಕಪ್ಪ ಸದ್ದು ಮಾಡಿಕೊಂಡೇ ತನ್ನ ಹೊಲ ದಾಟಿದ.

ಮಣ್ಣು ಹಾಕಿ, ಮನೆಗೆ ಬಂದು, ಸ್ನಾನ ಮಾಡಿ ಮಲಗಿದರೆ ನಿದ್ದೆ ಹತ್ತಲಿಲ್ಲ. ಸೂತಕದ ಮನೆ, ಕೆಲಸಕ್ಕೆ ಹೋಗಬಾರದು. ಆದರೆ ಕಣ್ಣು ಮುಚ್ಚಿದರೆ ಹುಲ್ಲಿನೊಳಗೆ ಬಿದ್ದಿರುವ ಕಾಸು ಕಾಣುತ್ತಿತ್ತು. ತಮ್ಮ ಬೇಜಾರಿನಲ್ಲಿ ಚೀಲ ಚೀಲವೇ ತರಿಸಿದ್ದ, ಕೈತುಂಬ ಎರಚಿಸಿದ್ದ. ಟೂರ್ನಮೆಂಟಿನ ಎರಡನೇ ದಿನ, ನಸುಕಿಗೇ ಮಷಿನ್ ಹೊರಡುತ್ತದೆ. ನನ್ನ ಬದಲು ಬಗ್ಗುವವರು ಯಾರೂ ಇಲ್ಲ. ತಮಟೆಗೆ ಬೈಸಿಕೊಳ್ಳುವುದು ಹೇಗೂ ಇದೆ, ಅಲಗಿಗೂ ಯಾಕೆ ಬೈಸಿಕೊಳ್ಳಲಿ? ಎದ್ದು ಬೂಟು ಹಾಕಿಕೊಂಡೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು, ತಡೆಯಲಿಲ್ಲ. ದಾರಿಯುದ್ದಕ್ಕೂ ಒಂದೇ ಯೋಚನೆ. ಇಷ್ಟು ವರ್ಷ ಊರವರ ಕಾಸು ಹೆಕ್ಕಿದೆ, ಇವತ್ತು ನಮ್ಮವನದನ್ನೇ ಹೆಕ್ಕಬೇಕು. ಕೈ ಬರುತ್ತದೋ ಇಲ್ಲವೋ ಗೊತ್ತಿಲ್ಲ.

ಮಂಜು ಕವಿದಿತ್ತು. ಆರನೇ ಟೀ ಹತ್ತಿರ ಬಂದಾಗ ದಾರಿಯ ಮೇಲೆ ಬಣ್ಣಬಣ್ಣದ ಉಂಡೆಗಳ ಹಾಗೆ ಏನೋ ಸರಿದಾಡಿದವು. ಹೆಂಗಸರು. ಕಳೆ ಕೀಳುವ ಹಾಗೆಯೇ ಸಾಲು ಹಿಡಿದು ಕುಕ್ಕರಗಾಲಲ್ಲಿ ಕೂತು, ಹುಲ್ಲನ್ನು ಬೆರಳಲ್ಲಿ ಬಿಡಿಸಿ ಬಿಡಿಸಿ ನೋಡುತ್ತಾ ಮುಂದೆ ಹೋಗುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ನಡುವೆ ಪಂಪ್‌ಹೌಸಿನ ಉಪ್ಪಿನಕಾಯಿ ಜಾಡಿ. ಅದರೊಳಗೆ ಕಾಸು ಬೀಳುವ ಸದ್ದು. ಬರಿಗೈಯಲ್ಲೇ ಮುಟ್ಟುತ್ತಿದ್ದರು.

ನನ್ನನ್ನು ನೋಡಿ ಅಕ್ಕ ಮೊಣಕಾಲ ಮೇಲೆ ಕೈಯೂರಿ ಎದ್ದಳು. ಬೆರಳುಗಳಿಗೆ ಇಬ್ಬನಿ, ಮಣ್ಣು, ಅರಿಶಿನ ಅಂಟಿತ್ತು. ಇಷ್ಟು ವರ್ಷ ಸಾರ್ ಎನ್ನುತ್ತಿದ್ದವಳು ಅಂದು ಹಾಗೆ ಕರೆಯಲಿಲ್ಲ.

"ನೀನ್ಯಾಕ್ ಬಂದೆ? ನಿಮ್ಮನೆ ಎಣದ ಕಾಸು ನೀನೆತ್ಬಾರ್ದು ಕಣಪ್ಪ."

"ನೀವು ಮುಟ್ಟಲ್ಲ ಅಂದಿದ್ರಿ..."

"ಅಂದಿದ್ವಿ." ಕೈಯನ್ನು ಸೀರೆಗೆ ಒರೆಸಿಕೊಂಡಳು. "ಆಯ್ತು, ಮುಗೀತು. ಮನೆಗೋಗು. ಓಗಿ ಮಲ್ಕೋ."

ನಾನು ಮನೆಗೆ ಹೋಗಲಿಲ್ಲ. ಟೀ ಕಟ್ಟೆಯ ಮೆಟ್ಟಿಲ ಮೇಲೆ ಕೂತೆ. ಸ್ಮಶಾನದಲ್ಲಿ ಬಾರದ ಅಳು ಅಲ್ಲಿ ಬಂತು, ನಾಚಿಕೆಯಿಲ್ಲದೆ ಅತ್ತೆ. ಹೆಂಗಸರು ನನ್ನ ಕಡೆ ತಿರುಗದೆ ಕೊನೆಯ ಸಾಲು ಮುಗಿಸಿ, ಜಾಡಿಯನ್ನು ಹೊತ್ತುಕೊಂಡು ಪಂಪ್‌ಹೌಸಿನ ಕಡೆ ನಡೆದರು. ಸ್ವಲ್ಪ ಹೊತ್ತಿಗೆ ಮಷಿನ್ ಬಂತು. ಹೊಂಗೆ ಮರದಿಂದ ಆಚೆ ಗೇಟಿನವರೆಗೆ ದಾರಿಯ ಉದ್ದಕ್ಕೂ ಹೋಯಿತು, ತಿರುಗಿ ಬಂತು, ಮತ್ತೆ ಹೋಯಿತು. ನಾನು ಕಿವಿಗೊಟ್ಟು ಕೂತಿದ್ದೆ. ಒಂದು ಸಲವೂ ಟಣ್ ಎನ್ನಲಿಲ್ಲ.